ಹನ್ನೆರಡು ಕಪ್ಪು ಟೀಶರ್ಟು

"ಒಂದು ನೆಲ ಒರೆಸುವ ಬಟ್ಟೆಯ ವಿಷಯಕ್ಕೆ ಹತ್ತು ದಿನದಿಂದ ನನ್ನ ಹತ್ರ ಮಾತಿಲ್ಲ ಮೇಡಂ" ಅಂತ ಸಮಾಲೋಚನೆಗೆ ಮಗನನ್ನು ಕರೆತಂದ ಅಮ್ಮ ಶುರು ಮಾಡಿದರು. ಮಗ ಕಿಟಕಿ ನೋಡುತ್ತಾ ಕೂತಿದ್ದ. 24 ವರ್ಷ, ಉಡುಪಿ ಕಡೆಯವನು, ಮೊಬೈಲ್ ಅಂಗಡಿಯಲ್ಲಿ ಕೆಲಸ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಅಮ್ಮ ನೆಲ ಒರೆಸಲು ತೆಗೆದುಕೊಂಡ ಆ ಬಟ್ಟೆ ಅವನ ಒಂದು ಕಪ್ಪು ಟೀಶರ್ಟು. ಎದೆ ಮೇಲೆ ಅವನಿಷ್ಟದ ರಾಕ್ ಬ್ಯಾಂಡಿನ ಹೆಸರು. ಅಂಥ ಹನ್ನೆರಡು ಮಾಡಿಸಿದ್ದ, ತನಗೊಂದು, ಗೆಳೆಯರಿಗೆ ಹನ್ನೊಂದು. ಮಂಗಳೂರಿನಲ್ಲಿ ಆ ಬ್ಯಾಂಡಿನ ಕಾರ್ಯಕ್ರಮ ಇತ್ತು. ನಮ್ಮ ಕಡೆಯ ಹುಡುಗರಿಗೆ ಇದು ಸಣ್ಣ ಸಂಗತಿಯಲ್ಲ. ಇಂಥದ್ದನ್ನು ನೋಡಬೇಕೆಂದರೆ ರಾತ್ರಿ ಬಸ್ಸು ಹತ್ತಿ ಘಾಟಿ ದಾಟಿ ಬೆಂಗಳೂರಿಗೇ ಹೋಗಬೇಕು. ಟಿಕೆಟಿಗೆ ತಲಾ 1,200 ರೂಪಾಯಿ. ಎಲ್ಲರ ಹತ್ತಿರ ದುಡ್ಡು ಒಟ್ಟು ಮಾಡಿ ಬುಕ್ ಮಾಡಿದವನು ಇವನೇ. ಬಸ್ಸು ಮುಲ್ಕಿ ದಾಟುವಾಗ ಮೊಬೈಲಿಗೆ ಸುದ್ದಿ ಬಂತು: ಕಾರ್ಯಕ್ರಮ ರದ್ದು. ಬಾಕಿ ಹಣ ಬಂದಿಲ್ಲ ಅಂತ ಬ್ಯಾಂಡಿನವರು, ಪ್ರಾಯೋಜಕರು ಕೈಕೊಟ್ಟರು ಅಂತ ಆಯೋಜಕರು.

ಮೊದಲ ದಿನ ನಾನೂ ಒಂದು ತಪ್ಪು ಮಾಡಿದೆ. "ಇನ್ನೊಮ್ಮೆ ಬಂದಾರು, ಅಲ್ವಾ?" ಅಂದೆ. ಅವನು ನನ್ನನ್ನು ಅಮ್ಮನ ಸಾಲಿಗೆ ಸೇರಿಸಿಬಿಟ್ಟ. ಆಮೇಲೆ ಕಾಲು ಗಂಟೆ "ಹ್ಞಾಂ", "ಇಲ್ಲ" ಬಿಟ್ಟರೆ ಬೇರೆ ಮಾತಿಲ್ಲ.

ಎರಡನೇ ಸಲ ಒಬ್ಬನೇ ಬಂದ. ಬ್ಯಾಂಡಿನ ಬಗ್ಗೆ ಕೇಳಿದೆ, ಕಾರ್ಯಕ್ರಮದ ಬಗ್ಗೆ ಅಲ್ಲ. 2020ರಲ್ಲಿ ವಿಮಾನಗಳು ನಿಂತಾಗ ಅಪ್ಪ ದುಬೈಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಲ್ಲಿ ಅವರಿಗೆ ಕೆಲಸವಿಲ್ಲ, ಇಲ್ಲಿ ಮನೆಯಲ್ಲಿ ದುಡ್ಡಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅಳುವುದು ಕೇಳಬಾರದೆಂದು ಇವನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಆಗ ಕೇಳಿದ ಹಾಡುಗಳು ಇವು. ಕಾರ್ಯಕ್ರಮ ರದ್ದಾದಾಗ "ಹಾಡು ಕೇಳ್ಲಿಕ್ಕೆ ಮೊಬೈಲ್ ಇದೆಯಲ್ಲ" ಅಂತ ಅಮ್ಮ ಹೇಳಿದ್ದು ಯಾಕೆ ಅಷ್ಟು ಚುಚ್ಚಿತು ಅಂತ ನನಗೆ ಆಗ ಗೊತ್ತಾಯಿತು.

ಆದರೆ ನಿದ್ದೆಗೆಡಿಸಿದ್ದು ಅದೂ ಅಲ್ಲ. ಅವನು ಗೆಳೆಯರ ವಾಟ್ಸಾಪ್ ಗುಂಪು ಬಿಟ್ಟಿದ್ದ. ಫೋನ್ ಎತ್ತುತ್ತಿರಲಿಲ್ಲ. "ಅರ್ಧ ಜನಕ್ಕೆ ಆ ಬ್ಯಾಂಡ್ ಗೊತ್ತೇ ಇರ್ಲಿಲ್ಲ. ನಾನೇ ಎಳ್ಕೊಂಡು ಹೋದದ್ದು." ಊಟ, ಕೆಲಸ, ಸಾಯುವ ಯೋಚನೆ, ಎಲ್ಲದರ ಬಗ್ಗೆ ನೇರವಾಗಿಯೇ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಬರೆದು ಕೊಟ್ಟೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಗುಂಪಿಗೆ ಉದ್ದ ಮೆಸೇಜ್ ಬರೆಯುವುದು ಬೇಡ ಅಂದೆ. ಒಬ್ಬನಿಗೆ ಫೋನ್ ಮಾಡಿ. ಕ್ಷಮೆ ಕೇಳಬೇಡಿ, ನೀವು ಮಾಡಿದ ತಪ್ಪೇನಿದೆ? ಬೇಜಾರಾಗಿದೆ ಅಂತ ಮಾತ್ರ ಹೇಳಿ.

ದುಡ್ಡಿನ ದಾರಿ ಸುಲಭ. ಟಿಕೆಟ್, ಹಣ ಕಟ್ಟಿದ ದಾಖಲೆ, ರದ್ದು ಪ್ರಕಟಣೆ, ಮೂರರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಟಿಕೆಟ್ ಮಾರಿದವರಿಗೂ ಆಯೋಜಕರಿಗೂ ಹದಿನೈದು ದಿನದ ಗಡುವು ಹಾಕಿ ಮೇಲ್ ಮಾಡಿ. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದೂರು ಕೊಡಲು ಎರಡು ವರ್ಷ ಸಮಯವಿದೆ, ಐದು ಲಕ್ಷದ ಒಳಗಿನದ್ದಕ್ಕೆ ಶುಲ್ಕವೂ ಇಲ್ಲ.

ಬ್ಯಾಂಡಿನ ಮೇಲಿನ ಸಿಟ್ಟಿಗೇ ಜಾಸ್ತಿ ಹೊತ್ತು ಹೋಯಿತು. ರಾತ್ರಿ ಎರಡು ಗಂಟೆಗೆ ಎದ್ದು ಅವರ ಪುಟದಲ್ಲಿ ಬೈದು ಬರೆಯುತ್ತಿದ್ದ. "ದುಡ್ಡು ಸಿಗದಿದ್ರೆ ಹಾಡಲ್ವಾ ಇವರು?" ನಾನು ಯಕ್ಷಗಾನದ ಊರಿನವಳು. ಮೇಳಕ್ಕೆ ವೀಳ್ಯ, ಅಂದರೆ ಆಟದ ಹಣ, ಕೊಡದೆ ಆಟ ಆಡಿಸಲಿಕ್ಕೆ ಆಗುತ್ತದಾ ಅಂತ ಕೇಳಿದೆ. ವೇದಿಕೆ ಮೇಲೆ ಕಾಣುವುದು ನಾಲ್ಕು ಜನ. ಹಿಂದೆ ಸೌಂಡಿನವನು, ಲೈಟಿನವನು, ಡ್ರೈವರ್ ಇರುತ್ತಾರೆ. ಅರ್ಧ ಮುಂಗಡ, ಉಳಿದದ್ದು ವೇದಿಕೆ ಹತ್ತುವ ಮೊದಲು ಅನ್ನುವ ಮಾತು ಸಾಮಾನ್ಯ. ಕಾರ್ಯಕ್ರಮ ಮುಗಿದ ಮೇಲೆ ಬಾಕಿ ವಸೂಲಿ ಮಾಡುವುದು ಎಷ್ಟು ಕಷ್ಟ ಅಂತ ಮದುವೆ ಮನೆಗೆ ಶಾಮಿಯಾನ ಹಾಕಿದವರನ್ನು ಕೇಳಬೇಕು.

"ಹಾಗಾದ್ರೆ ಅವರದ್ದು ತಪ್ಪೇ ಇಲ್ವಾ?" ಅಂದ.

ಇದೆ. ಜನ ಬಸ್ಸಲ್ಲಿ ಕೂತ ಮೇಲೆ ಹೇಳಿದ್ದು ತಪ್ಪು. ಆ ಸಿಟ್ಟು ನ್ಯಾಯದ್ದೇ, ಇಟ್ಟುಕೊಳ್ಳಿ ಅಂದೆ. ಬರೆಯುವುದಿದ್ದರೆ ಹಗಲು ಹೊತ್ತಿನಲ್ಲಿ, ಒಂದೇ ಸಲ, ನಿಮ್ಮ ಹೆಸರು ಹಾಕಿ ಬರೆಯಿರಿ. ರಾತ್ರಿ ಹತ್ತೂವರೆಗೆ ಫೋನ್ ಚಾವಡಿಯಲ್ಲಿ ಚಾರ್ಜಿಗೆ. ಮೂರು ದಿನ ಮಾಡಿದ, ನಾಲ್ಕನೇ ದಿನ ತಪ್ಪಿತು, ಮತ್ತೆ ಮಾಡಿದ. ಹಾಡು ಕೇಳುವುದನ್ನು ಅವನು ನಿಲ್ಲಿಸಿದ್ದ. ಮತ್ತೆ ಕೇಳು ಅಂತ ನಾನು ಹೇಳಲಿಲ್ಲ.

ಅಮ್ಮನನ್ನೂ ಒಳಗೆ ಕರೆದು ಕೂರಿಸಿದೆ. ಇಯರ್‌ಫೋನಿನ ಸಂಗತಿ ಅವನೇ ಹೇಳಿದ. ಅವರು ತುಂಬ ಹೊತ್ತು ಮಾತಾಡಲಿಲ್ಲ. "ನಾನು ಅಳುವುದು ಕೇಳ್ತಿತ್ತಾ ನಿಂಗೆ?" ಅಂದರು, ಅಷ್ಟೇ.

ಏಳು ವಾರಕ್ಕೆ ಟಿಕೆಟಿನ ಹಣ ಬಂತು, ಸೇವಾ ಶುಲ್ಕ ಮುರಿದುಕೊಂಡು. ಪೈಸೆ ಲೆಕ್ಕ ಹಾಕಿ ಹಂಚಿದ. ಫೋನ್ ಮಾಡಿದ ಗೆಳೆಯ "ಎಂತ ಮಾರಾಯ, ಸತ್ತೇ ಹೋದ್ಯಾ ಅಂತ ಇದ್ವಿ" ಅಂದನಂತೆ. ಒಂದು ಭಾನುವಾರ ಹನ್ನೆರಡೂ ಜನ ಟೀಶರ್ಟ್ ಹಾಕಿ ಮಲ್ಪೆಗೆ ಹೋಗಿದ್ದಾರೆ. ಆ ಒಂದನ್ನು ಅಮ್ಮ ಎರಡು ಸಲ ತೊಳೆದರೂ ಫಿನಾಯಿಲ್ ವಾಸನೆ ಹೋಗಿರಲಿಲ್ಲ. ಅದನ್ನು ಇವನೇ ಹಾಕಿಕೊಂಡನಂತೆ.