ಲೋಡ್ ಬ್ಯಾಲೆನ್ಸರ್ ಹಿಂದೆ ಹಾಕಿದ ಮೇಲೆ ಲೈವ್ ವಿಡಿಯೊ ನಿಂತು ನಿಂತು ಓಡುತ್ತಿದೆ, ಆಗಾಗ ಹಿಂದಕ್ಕೆ ಜಿಗಿಯುತ್ತಿದೆ. ಯಾಕೆ?

ನೀವು ಬರೆದಿರುವುದು ಇಷ್ಟು. ಎರಡು ಸರ್ವರ್ ಇವೆ. ಎರಡರಲ್ಲೂ ಎಫ್‌ಎಫ್‌ಎಂಪೆಗ್ (ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್) ಬೇರೆ ಬೇರೆಯಾಗಿ ಓಡುತ್ತಿದೆ. ಒಂದೇ ಕ್ಯಾಮೆರಾ ಫೀಡ್ ತೆಗೆದುಕೊಂಡು ಎಚ್‌ಎಲ್‌ಎಸ್ (ಸಣ್ಣ ತುಂಡುಗಳಾಗಿ ಹೋಗುವ ವಿಡಿಯೊ) ಮಾಡಿ ಎಂಜಿನ್‌ಎಕ್ಸ್ ವೆಬ್ ಸರ್ವರ್ ಮೂಲಕ ಕೊಡುತ್ತಿದೆ. ಮುಂದೆ ರಿಕ್ವೆಸ್ಟ್‌ಗಳನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಆಗಿ ಎಚ್‌ಎ ಪ್ರಾಕ್ಸಿ, ರೌಂಡ್ ರಾಬಿನ್, ಅಂದರೆ ಸರದಿ ಪ್ರಕಾರ ಹಂಚಿಕೆ. ಯಾವ ಸರ್ವರ್‌ಗೆ ನೇರವಾಗಿ ಹೋದರೂ ವಿಡಿಯೊ ಚೆನ್ನಾಗಿ ಓಡುತ್ತದೆ. ಎಚ್‌ಎ ಪ್ರಾಕ್ಸಿ ಮೂಲಕ ಹೋದರೆ ನಿಲ್ಲುತ್ತದೆ, ಕೆಲವು ನಿಮಿಷ ಹಿಂದಿನ ದೃಶ್ಯ ಮತ್ತೆ ಬರುತ್ತದೆ, ಬ್ರೌಸರ್‌ನಲ್ಲಿ 404 (ಫೈಲ್ ಸಿಗಲಿಲ್ಲ) ಸಾಲುಗಟ್ಟುತ್ತದೆ. ಟೈಮೌಟ್ (ಸಂಪರ್ಕ ಕಡಿಯುವ ಮೊದಲು ಕಾಯುವ ಹೊತ್ತು) ಎಲ್ಲವನ್ನೂ ಒಂದು ಗಂಟೆಗೆ ಏರಿಸಿದರೂ ಏನೂ ಬದಲಾಗಲಿಲ್ಲ.

ಬದಲಾಗುವುದೂ ಇಲ್ಲ. ಎಚ್‌ಎಲ್‌ಎಸ್‌ನಲ್ಲಿ ತುಂಬಾ ಹೊತ್ತು ತೆರೆದಿರುವ ಒಂದು ಸಂಪರ್ಕ ಅಂತ ಇಲ್ಲವೇ ಇಲ್ಲ. ಪ್ಲೇಯರ್ ಒಂದು ಪ್ಲೇಲಿಸ್ಟ್ (ತುಂಡುಗಳ ಪಟ್ಟಿ) ಕೇಳುತ್ತದೆ, ಒಂದು ವಿಡಿಯೊ ತುಂಡು ಕೇಳುತ್ತದೆ, ಮತ್ತೆ ಪ್ಲೇಲಿಸ್ಟ್, ಮತ್ತೆ ತುಂಡು. ಎಲ್ಲವೂ ಕ್ಷಣದಲ್ಲಿ ಮುಗಿಯುವ ಸಣ್ಣ ಸಣ್ಣ ರಿಕ್ವೆಸ್ಟ್‌ಗಳು. ಏರಿಸಿದ ಟೈಮೌಟ್‌ಗಳನ್ನು ಮೊದಲು ಹಳೆಯ ಮಟ್ಟಕ್ಕೆ ಇಳಿಸಿ. ಇಲ್ಲದಿದ್ದರೆ ನೆಟ್‌ವರ್ಕ್ ಕಳೆದುಕೊಂಡ ಮೊಬೈಲ್‌ಗಳ ಸತ್ತ ಸಂಪರ್ಕಗಳು ಒಂದೊಂದು ಗಂಟೆ ಎಚ್‌ಎ ಪ್ರಾಕ್ಸಿಯಲ್ಲಿ ಕೂತಿರುತ್ತವೆ.

ತೊಂದರೆ ಬೇರೆ ಕಡೆ ಇದೆ. ಎರಡು ಸರ್ವರ್ ಒಂದೇ ಕೆಲಸ ಮಾಡುತ್ತಿವೆ ಅಂತ ಲೋಡ್ ಬ್ಯಾಲೆನ್ಸರ್ ನಂಬಿದೆ. ನಿಮ್ಮಲ್ಲಿ ಅವು ಎರಡು ಬೇರೆ ಬೇರೆ ಪ್ರಸಾರಗಳು, ಚಿತ್ರ ಮಾತ್ರ ಒಂದೇ.

ಇದನ್ನು ಕಣ್ಣಾರೆ ನೋಡಬಹುದು. ಎರಡು ಟರ್ಮಿನಲ್ ತೆರೆಯಿರಿ. ಎಚ್‌ಎ ಪ್ರಾಕ್ಸಿಯನ್ನು ಬಿಟ್ಟು, ಒಂದರಲ್ಲಿ ಮೊದಲ ಸರ್ವರ್‌ನ ಎಂ3ಯು8 ಫೈಲನ್ನು, ಅಂದರೆ ಪ್ಲೇಲಿಸ್ಟನ್ನು, ಕರ್ಲ್ ಕಮಾಂಡ್‌ನಿಂದ ತರಿಸಿ, ಇನ್ನೊಂದರಲ್ಲಿ ಎರಡನೆಯದರದ್ದು. ಮೀಡಿಯಾ ಸೀಕ್ವೆನ್ಸ್ ಅನ್ನೋ ಸಾಲು ನೋಡಿ. ಪ್ಲೇಲಿಸ್ಟ್‌ನಲ್ಲಿರುವ ಮೊದಲ ತುಂಡಿನ ಕ್ರಮಸಂಖ್ಯೆ ಅದು. ಉದಾಹರಣೆಗೆ ಮೊದಲ ಸರ್ವರ್‌ನಲ್ಲಿ 1841 ಇದೆ, ಆರು ತುಂಡುಗಳ ಪಟ್ಟಿ, ಕೊನೆಯದು 1846 ಅಂತ ಇಟ್ಟುಕೊಳ್ಳಿ. ಎರಡನೆಯ ಸರ್ವರ್‌ನಲ್ಲಿ ಎಫ್‌ಎಫ್‌ಎಂಪೆಗ್ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ತಡವಾಗಿ ಶುರುವಾಗಿದ್ದರೆ ಅಲ್ಲಿ 1794ರಿಂದ 1799 ಇರುತ್ತದೆ. 4 ಸೆಕೆಂಡಿನ ತುಂಡು ಅಂದರೆ 47 ತುಂಡುಗಳ ವ್ಯತ್ಯಾಸ, 188 ಸೆಕೆಂಡು.

ಈಗ ಪ್ಲೇಯರ್ ಜಾಗದಲ್ಲಿ ನಿಂತು ನೋಡಿ. ಪ್ಲೇಲಿಸ್ಟ್ ಮೊದಲ ಸರ್ವರ್‌ನಿಂದ ಬಂತು. ಅದರಲ್ಲಿ 1844 ಅಂತ ಇದೆ, ಪ್ಲೇಯರ್ ಅದನ್ನು ಕೇಳಿತು. ರೌಂಡ್ ರಾಬಿನ್ ಆ ರಿಕ್ವೆಸ್ಟನ್ನು ಎರಡನೆಯ ಸರ್ವರ್‌ಗೆ ಕಳಿಸಿತು. ಅಲ್ಲಿ 1844 ಇನ್ನೂ ಹುಟ್ಟಿಯೇ ಇಲ್ಲ, 404. ಪ್ಲೇಯರ್ ಮತ್ತೆ ಪ್ಲೇಲಿಸ್ಟ್ ಕೇಳಿತು, ಈ ಸಲ ಎರಡನೆಯ ಸರ್ವರ್‌ನದ್ದು ಸಿಕ್ಕಿತು, 1795ರಿಂದ ಶುರು. ಕ್ರಮಸಂಖ್ಯೆ ಹಿಂದಕ್ಕೆ ಹೋಯಿತು! ಎಚ್‌ಎಲ್‌ಎಸ್‌ನ ನಿಯಮಗಳನ್ನು ಬರೆದಿಟ್ಟ 2017ರ ಆರ್‌ಎಫ್‌ಸಿ 8216 ಇದನ್ನು ಖಡಾಖಂಡಿತವಾಗಿ ಬೇಡ ಎನ್ನುತ್ತದೆ: ಈ ಸಂಖ್ಯೆ ಯಾವತ್ತೂ ಕಡಿಮೆಯಾಗಬಾರದು. ಕಡಿಮೆಯಾದರೆ ಏನು ಮಾಡಬೇಕು ಅನ್ನೋದು ಒಂದೊಂದು ಪ್ಲೇಯರ್‌ಗೆ ಒಂದೊಂದು ಥರ. ಒಂದು ಹಿಂದಕ್ಕೆ ಜಿಗಿಯುತ್ತದೆ, ಇನ್ನೊಂದು ಕಾದು ಕೂರುತ್ತದೆ, ಮತ್ತೊಂದು ಕೈಚೆಲ್ಲುತ್ತದೆ. ಫೋನ್‌ನಲ್ಲಿ ಒಂದು ಥರ, ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಥರ ಕಾಣುತ್ತದೆ ಅಂತ ನೀವು ಬರೆದಿದ್ದೀರಲ್ಲ, ಅದಕ್ಕೆ ಇದೇ ಕಾರಣ.

ಒಬ್ಬರೇ ಪರೀಕ್ಷೆ ಮಾಡುವಾಗ ಪೂರ್ತಿ ಕೆಡುತ್ತದೆ, ನಾಲ್ಕು ಜನ ಸೇರಿದರೆ ಅರೆಬರೆ ಓಡುತ್ತದೆ ಅಂದಿದ್ದೀರಿ. ಅದಕ್ಕೂ ಉತ್ತರ ಇಲ್ಲೇ ಇದೆ. ಒಬ್ಬರೇ ಇದ್ದಾಗ ರಿಕ್ವೆಸ್ಟ್‌ಗಳು ಪ್ಲೇಲಿಸ್ಟ್, ತುಂಡು, ಪ್ಲೇಲಿಸ್ಟ್, ತುಂಡು ಅಂತ ಸರದಿಯಲ್ಲಿ ಬರುತ್ತವೆ. ರೌಂಡ್ ರಾಬಿನ್ ಕೂಡ ಒಂದಾದ ಮೇಲೊಂದು ಸರದಿ. ಹಾಗಾಗಿ ಪ್ಲೇಲಿಸ್ಟ್ ಯಾವಾಗಲೂ ಮೊದಲ ಸರ್ವರ್‌ಗೆ, ತುಂಡು ಯಾವಾಗಲೂ ಎರಡನೆಯದಕ್ಕೆ ಹೋಗುವ ಸಾಧ್ಯತೆ ಜಾಸ್ತಿ. ಜನ ಹೆಚ್ಚಾದರೆ ಸರದಿ ಕಲಸಿಹೋಗಿ ಕೆಲವು ರಿಕ್ವೆಸ್ಟ್ ಸರಿಯಾದ ಕಡೆ ಬೀಳುತ್ತವೆ. ಬ್ರೌಸರ್ ಒಂದೇ ಸಂಪರ್ಕವನ್ನು ಮತ್ತೆ ಮತ್ತೆ ಬಳಸುತ್ತದಲ್ಲ ಅಂತ ಅನ್ನಿಸಬಹುದು. ಎಚ್‌ಟಿಟಿಪಿ ಮೋಡ್‌ನಲ್ಲಿ ಎಚ್‌ಎ ಪ್ರಾಕ್ಸಿ ಸಂಪರ್ಕ ನೋಡಿ ಹಂಚುವುದಿಲ್ಲ, ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಸರ್ವರ್ ಆರಿಸುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಕೆಲಸ ಮಾಡಿ. ಯಾವ ಸರ್ವರ್ ಉತ್ತರ ಕೊಟ್ಟಿತು ಅನ್ನೋದನ್ನು ಎಚ್‌ಎ ಪ್ರಾಕ್ಸಿಯೇ ಒಂದು ರೆಸ್ಪಾನ್ಸ್ ಹೆಡರ್‌ನಲ್ಲಿ (ಉತ್ತರದ ಜೊತೆ ಹೋಗುವ ಮಾಹಿತಿ ಸಾಲಿನಲ್ಲಿ) ಬರೆಯುವಂತೆ ಮಾಡಿ. ಒಂದೇ ಸಾಲಿನ ಕಾನ್ಫಿಗ್. ಆಮೇಲೆ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಪ್ರತಿ 404ರ ಪಕ್ಕ ಆ ಹೆಸರು ನೋಡಿ. ಅದರ ಹಿಂದಿನ ಪ್ಲೇಲಿಸ್ಟ್ ಇನ್ನೊಂದು ಸರ್ವರ್‌ನಿಂದ ಬಂದಿದ್ದರೆ ಬೇರೇನೂ ಹುಡುಕಬೇಕಾಗಿಲ್ಲ. ಈ ಹೆಡರ್ ಇಲ್ಲದೆ ಲೋಡ್ ಬ್ಯಾಲೆನ್ಸರ್ ಹಿಂದಿನ ಯಾವ ತೊಂದರೆಯನ್ನೂ ಹುಡುಕಲು ಕೂರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸರಿಪಡಿಸುವುದು ಹೇಗೆ? ಎಲ್ಲರೂ ಮೊದಲು ಹೇಳುವುದು ಸ್ಟಿಕಿ ಸೆಷನ್, ಒಬ್ಬ ನೋಡುಗನನ್ನು ಒಂದೇ ಸರ್ವರ್‌ಗೆ ಅಂಟಿಸುವುದು. ಲೈವ್ ವಿಡಿಯೊದಲ್ಲಿ ಇದು ಕಾಣುವಷ್ಟು ಸುಲಭವಲ್ಲ. ಕುಕಿಯಿಂದ ಅಂಟಿಸಿದರೆ, ಪ್ಲೇಯರ್ ಕುಕಿಯನ್ನು ವಾಪಸ್ ಕಳಿಸಬೇಕು. ನಿಮ್ಮ ವೆಬ್‌ಸೈಟ್ ಒಂದು ಡೊಮೇನ್‌ನಲ್ಲಿ, ವಿಡಿಯೊ ಇನ್ನೊಂದರಲ್ಲಿ ಇದ್ದರೆ ಎಚ್‌ಎಲ್‌ಎಸ್ ಡಾಟ್ ಜೆಎಸ್ (ಬ್ರೌಸರ್‌ನಲ್ಲಿ ಓಡುವ ಪ್ಲೇಯರ್ ಲೈಬ್ರರಿ) ತಾನಾಗಿ ಕುಕಿ ಕಳಿಸುವುದಿಲ್ಲ. ವಿತ್ ಕ್ರೆಡೆನ್ಷಿಯಲ್ಸ್ ಆನ್ ಮಾಡಬೇಕು. ಆನ್ ಮಾಡಿದ ಕೂಡಲೇ ಸರ್ವರ್‌ನ ಕಾರ್ಸ್ ಹೆಡರ್‌ನಲ್ಲಿ (ಬೇರೆ ಡೊಮೇನ್‌ಗಳಿಗೆ ಅನುಮತಿ ಕೊಡುವ ಸಾಲು) ಬರೀ ನಕ್ಷತ್ರ ಚಿಹ್ನೆ ಇದ್ದರೆ ಬ್ರೌಸರ್ ಒಪ್ಪುವುದಿಲ್ಲ, ಡೊಮೇನ್ ಹೆಸರನ್ನೇ ಬರೆಯಬೇಕು. ಅದೆಲ್ಲ ಮಾಡಿದರೂ ಮೂರನೆಯವರ ಕುಕಿ ತಡೆಯುವ ಬ್ರೌಸರ್‌ಗಳಿವೆ. ಆಂಡ್ರಾಯ್ಡ್ ಆಪ್‌ನಲ್ಲಿ ಎಕ್ಸೊಪ್ಲೇಯರ್ ಇದ್ದರೆ, ಆಪ್ ಬರೆದವರು ಕುಕಿ ಮ್ಯಾನೇಜರ್ ಹಾಕದೆ ಹೋದರೆ ಕುಕಿ ನೆನಪಿರುವುದಿಲ್ಲ.

ಐಪಿ ವಿಳಾಸ ನೋಡಿ ಅಂಟಿಸುವುದು ಇನ್ನೊಂದು ದಾರಿ. ಮೊಬೈಲ್ ಕಂಪನಿಗಳು ಅಸಂಖ್ಯ ಗ್ರಾಹಕರನ್ನು ಕೆಲವೇ ಹೊರ ಐಪಿಗಳ ಹಿಂದೆ ಕೂರಿಸುತ್ತವೆ. ನಿಮ್ಮ ನೋಡುಗರಲ್ಲಿ ಬಹುಪಾಲು ಜನ ಫೋನ್‌ನಲ್ಲೇ ನೋಡುವವರಾದರೆ ಒಂದು ಸರ್ವರ್ ಏದುಸಿರು ಬಿಡುತ್ತದೆ, ಇನ್ನೊಂದು ಖಾಲಿ ಕೂತಿರುತ್ತದೆ. ಮನೆಯ ವೈಫೈನಿಂದ ಹೊರಬಂದ ಕ್ಷಣ ಐಪಿ ಬದಲಾಗಿ ಅದೇ ಹಳೆಯ ಜಿಗಿತ.

ಯುಆರ್‌ಎಲ್ ನೋಡಿ ಹಂಚುವುದು ಇವೆರಡಕ್ಕಿಂತ ವಾಸಿ, ಆದರೆ ಅಲ್ಲೂ ಒಂದು ಗುಂಡಿ ಇದೆ. ಎಚ್‌ಎ ಪ್ರಾಕ್ಸಿಯ ಬ್ಯಾಲೆನ್ಸ್ ಯುಆರ್‌ಐ ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಯವರೆಗಿನ ಪೂರ್ತಿ ಪಾತ್ ತೆಗೆದುಕೊಂಡು ಹ್ಯಾಶ್ ಮಾಡುತ್ತದೆ, ಅಂದರೆ ಅದರಿಂದ ಒಂದು ಸಂಖ್ಯೆ ಮಾಡಿ ಸರ್ವರ್ ಆರಿಸುತ್ತದೆ. ಪ್ಲೇಲಿಸ್ಟ್‌ನ ಪಾತ್ ಬೇರೆ, ತುಂಡಿನ ಪಾತ್ ಬೇರೆ. ಮತ್ತೆ ಎರಡೂ ಬೇರೆ ಸರ್ವರ್‌ಗೆ! ಪಾತ್ ಲೈವ್/ಚಾನೆಲ್/ಫೈಲ್ ಅಂತ ಇದ್ದರೆ ಡೆಪ್ತ್ 2 ಅಂತ ಸೇರಿಸಿ ಚಾನೆಲ್‌ನ ಫೋಲ್ಡರ್‌ವರೆಗೆ ಮಾತ್ರ ಹ್ಯಾಶ್ ಮಾಡಿಸಬೇಕು. ಹ್ಯಾಶ್ ಟೈಪ್ ಕನ್ಸಿಸ್ಟೆಂಟ್ ಅಂತಲೂ ಹಾಕಿ. ಹತ್ತು ಚಾನೆಲ್ ಇರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ನಿಮ್ಮ ಹಾಗೆ ಒಂದೇ ಚಾನೆಲ್ ಇದ್ದರೆ ಎಲ್ಲರೂ ಒಂದೇ ಸರ್ವರ್‌ಗೆ ಹೋಗುತ್ತಾರೆ.

ಹಾಗಾದರೆ ಎರಡೂ ಸರ್ವರ್‌ನ ಕ್ರಮಸಂಖ್ಯೆ ಒಂದೇ ಮಾಡಿದರೆ? ಎಫ್‌ಎಫ್‌ಎಂಪೆಗ್‌ನಲ್ಲಿ ಕ್ರಮಸಂಖ್ಯೆಯನ್ನು ಗಡಿಯಾರದಿಂದ, ಅಂದರೆ ಎಪೋಕ್‌ನಿಂದ (1970ರಿಂದ ಎಣಿಸಿದ ಸೆಕೆಂಡುಗಳಿಂದ) ಶುರು ಮಾಡುವ ಆಯ್ಕೆ ಇದೆ. ಅದು ಒಳ್ಳೆಯದೇ, ಹಾಕಿಕೊಳ್ಳಿ. ಎಫ್‌ಎಫ್‌ಎಂಪೆಗ್ ಬಿದ್ದು ಎದ್ದಾಗ ಸಂಖ್ಯೆ ಸೊನ್ನೆಗೆ ಹೋಗುವುದು ತಪ್ಪುತ್ತದೆ. ಆದರೆ ಶುರುವಾದ ಮೇಲೆ ತುಂಡಿಗೊಂದರಂತೆ ಏರುವುದರಿಂದ, ಬೇರೆ ಬೇರೆ ಹೊತ್ತಿಗೆ ಶುರುವಾದ ಎರಡು ಸರ್ವರ್‌ಗಳು ಎಂದೂ ಒಂದಾಗುವುದಿಲ್ಲ. ಹೇಗೋ ಸಂಖ್ಯೆ ಸರಿ ಮಾಡಿದರೂ ಒಳಗಿನ ಚಿತ್ರ ಬೇರೆ. ಎರಡು ಎನ್‌ಕೋಡರ್‌ಗಳ (ಇಲ್ಲಿ ಎರಡು ಎಫ್‌ಎಫ್‌ಎಂಪೆಗ್‌ಗಳ) ಕೀ ಫ್ರೇಮ್, ಅಂದರೆ ತುಂಡು ಶುರುವಾಗುವ ಪೂರ್ಣ ಚಿತ್ರಗಳು, ಬೇರೆ ಕ್ಷಣದಲ್ಲಿ ಬೀಳುತ್ತವೆ, ಟೈಮ್‌ಸ್ಟ್ಯಾಂಪ್ ಬೇರೆ. ಆಗ 404 ಕೂಡ ಬರುವುದಿಲ್ಲ, ಮಾತು ತುಂಡಾಗಿ ಚಿತ್ರ ಹಾರುತ್ತದೆ. ಅದನ್ನು ಹುಡುಕುವುದು ಇನ್ನೂ ಕಷ್ಟ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಕಟ್ಟುತ್ತೇನೆ. ಎಚ್‌ಎಲ್‌ಎಸ್ ತಯಾರಿಸುವುದು ಒಂದೇ ಕಡೆ. ಅದರ ಮುಂದೆ ಎರಡು ಎಂಜಿನ್‌ಎಕ್ಸ್ ಕ್ಯಾಶ್, ಅಂದರೆ ನಕಲು ಇಟ್ಟುಕೊಂಡು ಕೊಡುವ ಸರ್ವರ್‌ಗಳು. ಲೋಡ್ ಬ್ಯಾಲೆನ್ಸರ್ ಈ ಎರಡು ಕ್ಯಾಶ್‌ಗಳಿಗೆ ಹಂಚಲಿ. ಯಾವುದಕ್ಕೆ ಹೋದರೂ ಸಿಗುವುದು ಅದೇ ತುಂಡು, ರೌಂಡ್ ರಾಬಿನ್ ನೆಮ್ಮದಿಯಾಗಿ ಓಡುತ್ತದೆ. ಎರಡನೆಯ ಎನ್‌ಕೋಡರ್ ಬೇಕೇ ಬೇಕು, ಕಾರ್ಯಕ್ರಮದ ಮಧ್ಯೆ ನಿಲ್ಲಬಾರದು ಅಂದರೆ ಅದನ್ನು ಬೇರೆ ಪಾತ್‌ನಲ್ಲಿ ಇಡಿ. ಮಾಸ್ಟರ್ ಪ್ಲೇಲಿಸ್ಟ್‌ನಲ್ಲಿ (ಸ್ಟ್ರೀಮ್‌ಗಳ ಪಟ್ಟಿಯಲ್ಲಿ) ಅದೇ ಗುಣಮಟ್ಟದ ಸ್ಟ್ರೀಮನ್ನು ಎರಡು ಸಲ ಬರೆಯಿರಿ, ಮೊದಲು ಮುಖ್ಯ ಪಾತ್, ಆಮೇಲೆ ಬದಲಿ ಪಾತ್. ಐಫೋನ್‌ನ ಪ್ಲೇಯರ್‌ಗೂ ಎಚ್‌ಎಲ್‌ಎಸ್ ಡಾಟ್ ಜೆಎಸ್‌ಗೂ ಇದು ಗೊತ್ತು. ಮೊದಲನೆಯದು ಕೈಕೊಟ್ಟರೆ ಎರಡನೆಯದಕ್ಕೆ ತಾವೇ ಹೋಗುತ್ತವೆ. ನೋಡುಗರಿಗೆ ಒಂದು ಜಿಗಿತ ಕಾಣಬಹುದು, ಅಷ್ಟೇ.

ಕ್ಯಾಶ್ ಇಟ್ಟ ಮೇಲೆ ಹೊಸ ತಾಪತ್ರಯ ತಂದುಕೊಳ್ಳಬೇಡಿ. ತುಂಡುಗಳನ್ನು ಎಷ್ಟು ಹೊತ್ತು ಕ್ಯಾಶ್ ಮಾಡಿದರೂ ಪರವಾಗಿಲ್ಲ, ಒಮ್ಮೆ ಹುಟ್ಟಿದ್ದು ಬದಲಾಗುವುದಿಲ್ಲ. ಪ್ಲೇಲಿಸ್ಟ್ ಹಾಗಲ್ಲ. 4 ಸೆಕೆಂಡಿನ ತುಂಡಿಗೆ 1 ಸೆಕೆಂಡ್ ಸಾಕು. 10 ಸೆಕೆಂಡ್ ಇಟ್ಟರೆ ಪ್ಲೇಯರ್‌ಗೆ ಅದೇ ಹಳೆಯ ಪಟ್ಟಿ ಮತ್ತೆ ಮತ್ತೆ ಸಿಕ್ಕಿ, ಲೈವ್ ನಿಂತಿದೆ ಅಂತ ಅದು ತಿಳಿಯುತ್ತದೆ. 404 ಉತ್ತರವನ್ನು ಕ್ಯಾಶ್ ಮಾಡಲೇಬೇಡಿ. ಎಂಜಿನ್‌ಎಕ್ಸ್‌ನ ಪ್ರಾಕ್ಸಿ ಕ್ಯಾಶ್ ವ್ಯಾಲಿಡ್ ಸಾಲಿನಲ್ಲಿ ಎನಿ ಅಂತ ಬರೆದಿದ್ದರೆ 404 ಕೂಡ ಒಳಗೆ ಸೇರುತ್ತದೆ. ಯಾರೋ ಒಬ್ಬರು ಅರ್ಧ ಸೆಕೆಂಡ್ ಮುಂಚೆ ಕೇಳಿದ್ದಕ್ಕೆ ಎಲ್ಲರಿಗೂ ಆ ತುಂಡು ಸಿಗದಂತಾಗುತ್ತದೆ. ಪ್ರಾಕ್ಸಿ ಕ್ಯಾಶ್ ಲಾಕ್ ಆನ್ ಮಾಡಿ. ಹೊಸ ತುಂಡನ್ನು ನೂರು ಜನ ಒಟ್ಟಿಗೆ ಕೇಳಿದರೂ ಒಂದು ಕ್ಯಾಶ್‌ನಿಂದ ಹಿಂದಿನ ಸರ್ವರ್‌ಗೆ ಒಂದೇ ರಿಕ್ವೆಸ್ಟ್ ಹೋಗುತ್ತದೆ.

ಇಷ್ಟಾದ ಮೇಲೂ ನಿಧಾನ ನೆಟ್‌ವರ್ಕ್‌ನವರಿಗೆ ಮಾತ್ರ 404 ಬರುತ್ತಿದ್ದರೆ, ತುಂಡುಗಳನ್ನು ಬೇಗ ಅಳಿಸುತ್ತಿದ್ದೀರಿ ಅಂತ ಅರ್ಥ. ಪಟ್ಟಿಯಿಂದ ತೆಗೆದ ತುಂಡು ಅದರ ಅವಧಿ ಮತ್ತು ಪ್ಲೇಲಿಸ್ಟ್‌ನ ಒಟ್ಟು ಅವಧಿ ಸೇರಿದಷ್ಟು ಹೊತ್ತು ಇನ್ನೂ ಸಿಗುತ್ತಿರಬೇಕು ಅನ್ನುವುದು ಅದೇ ಆರ್‌ಎಫ್‌ಸಿಯ ನಿಯಮ. ಮೇಲಿನ ಉದಾಹರಣೆಯಲ್ಲಿ ಒಂದು ತುಂಡಿನ 4 ಮತ್ತು ಆರು ತುಂಡಿನ ಪಟ್ಟಿಯ 24, ಒಟ್ಟು 28 ಸೆಕೆಂಡು, ಅಂದರೆ ಏಳು ತುಂಡು. ಎಫ್‌ಎಫ್‌ಎಂಪೆಗ್ ಡೀಫಾಲ್ಟ್ ಆಗಿ ಒಂದನ್ನು ಮಾತ್ರ ಉಳಿಸುತ್ತದೆ. ಡಿಲೀಟ್ ಥ್ರೆಶೋಲ್ಡ್ ಅನ್ನು 7 ಅಥವಾ ಜಾಸ್ತಿ ಮಾಡಿ.

ಸರ್ವರ್ ಸರಿಯಾಗಿದೆಯಾ ಅಂತ ಲೋಡ್ ಬ್ಯಾಲೆನ್ಸರ್ ಮಾಡುವ ಹೆಲ್ತ್ ಚೆಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪೋರ್ಟ್ ತೆರೆದಿದೆಯಾ ಅಂತ ಮಾತ್ರ ನೋಡುವ ಚೆಕ್ ಇಲ್ಲಿ ಪ್ರಯೋಜನಕ್ಕಿಲ್ಲ. ಎನ್‌ಕೋಡರ್ ಸತ್ತರೂ ಎಂಜಿನ್‌ಎಕ್ಸ್ ಹಳೆಯ ಪ್ಲೇಲಿಸ್ಟನ್ನು 200 (ಎಲ್ಲ ಸರಿ) ಹಾಕಿ ಕೊಡುತ್ತಲೇ ಇರುತ್ತದೆ. ಲೋಡ್ ಬ್ಯಾಲೆನ್ಸರ್‌ಗೆ ಎಲ್ಲವೂ ಹಸಿರು, ನೋಡುಗರಿಗೆ ನಿಂತ ಚಿತ್ರ. ಪ್ಲೇಲಿಸ್ಟ್ ಫೈಲ್ ಕೊನೆಯದಾಗಿ ಬದಲಾಗಿದ್ದು ಯಾವಾಗ ಅಂತ ನೋಡುವ ಸಣ್ಣ ಸ್ಕ್ರಿಪ್ಟ್ ಬರೆಯಿರಿ. 12 ಸೆಕೆಂಡ್‌ಗಿಂತ ಹಳೆಯದಾದರೆ 503 (ಸೇವೆ ಇಲ್ಲ) ಕೊಡಲಿ. ಎಚ್‌ಎ ಪ್ರಾಕ್ಸಿಯ ಎಚ್‌ಟಿಟಿಪಿ ಚೆಕ್ ಅದನ್ನು ಕೇಳಲಿ.

ಇನ್ನೊಂದು ಲೆಕ್ಕ. ವಿಡಿಯೊ ಪೂರ್ತಿ ಎಚ್‌ಎ ಪ್ರಾಕ್ಸಿ ಮೂಲಕವೇ ಹಾದುಹೋಗುತ್ತದೆ. 2.5 ಎಂಬಿಪಿಎಸ್ ಸ್ಟ್ರೀಮ್ ಅಂದರೆ 1 ಜಿಬಿಪಿಎಸ್ ಪೋರ್ಟ್‌ಗೆ 400 ಜನ, ಅದೂ ಕಾಗದದ ಮೇಲೆ. ಅದಕ್ಕಿಂತ ಜಾಸ್ತಿ ಜನ ಬರುವ ಕಾರ್ಯಕ್ರಮ ಇದ್ದರೆ ಹಿಂದೆ ಎಷ್ಟು ಸರ್ವರ್ ಸೇರಿಸಿದರೂ ಉಪಯೋಗವಿಲ್ಲ. ಆಗ ತುಂಡುಗಳನ್ನು ಸಿಡಿಎನ್ (ಹಲವು ಕಡೆ ಕ್ಯಾಶ್ ಇಟ್ಟಿರುವ ಜಾಲ) ಮೂಲಕ ಬಿಡುವುದೇ ಸರಿ.

ಟೈಮೌಟ್ ನಿಜವಾಗಿ ಕಾಡುವುದು ಬೇರೆಯವರನ್ನು: ಎಚ್‌ಎಲ್‌ಎಸ್ ಬಿಟ್ಟು ಎಂಪೆಗ್ ಟಿಎಸ್ ರೂಪದ ವಿಡಿಯೊವನ್ನು ಒಂದೇ ಎಚ್‌ಟಿಟಿಪಿ ಸಂಪರ್ಕದಲ್ಲಿ ಗಂಟೆಗಟ್ಟಲೆ ಕಳಿಸುವವರನ್ನು. ಅಂಥ ಸ್ಟ್ರೀಮ್ ಪ್ರತಿ ಸಲವೂ ಅದೇ ಸೆಕೆಂಡಿಗೆ ಕತ್ತರಿಸಿದರೆ ಅದು ಟೈಮೌಟೇ. ಗೂಗಲ್ ಕ್ಲೌಡ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್‌ನಲ್ಲಿ ಬ್ಯಾಕೆಂಡ್ ಟೈಮೌಟ್ ಡೀಫಾಲ್ಟ್ 30 ಸೆಕೆಂಡು, ಅದು ಇಡೀ ಉತ್ತರಕ್ಕೆ ಅನ್ವಯಿಸುತ್ತದೆ. ಡೇಟಾ ಹರಿಯುತ್ತಿದ್ದರೂ ಕತ್ತರಿ ಬೀಳುತ್ತದೆ. ಅಮೆಜಾನ್‌ನ ಲೋಡ್ ಬ್ಯಾಲೆನ್ಸರ್ ಎಎಲ್‌ಬಿಯ 60 ಸೆಕೆಂಡು, ಎಚ್‌ಎ ಪ್ರಾಕ್ಸಿಯ ಕ್ಲೈಂಟ್ ಮತ್ತು ಸರ್ವರ್ ಟೈಮೌಟ್‌ಗಳು ಹಾಗಲ್ಲ, ಸಂಪರ್ಕ ಸುಮ್ನೆ ಕೂತರೆ ಮಾತ್ರ ಎಣಿಸುತ್ತವೆ.

ಮೊದಲು ಆ ಎರಡು ಪ್ಲೇಲಿಸ್ಟ್ ಅಕ್ಕಪಕ್ಕ ಇಟ್ಟು ನೋಡಿ. ಕ್ರಮಸಂಖ್ಯೆ ಎರಡರಲ್ಲೂ ಒಂದೇ ಇದ್ದರೆ, ಪ್ಲೇಲಿಸ್ಟ್‌ನ ಮೊದಲ ಹತ್ತು ಸಾಲು ಮತ್ತು ಎಚ್‌ಎ ಪ್ರಾಕ್ಸಿ ಲಾಗ್‌ನಲ್ಲಿ 404 ಇರುವ ನಾಲ್ಕೈದು ಸಾಲುಗಳನ್ನು ಪ್ರಶ್ನೆಗೆ ಸೇರಿಸಿ. ಲಾಗ್‌ನಲ್ಲಿ ಸೆಷನ್ ಹೇಗೆ ಮುಗಿಯಿತು ಅಂತ ಹೇಳುವ ಅಕ್ಷರಗಳಿರುತ್ತವೆ, ಅವನ್ನು ಬಿಡಬೇಡಿ. ಅವುಗಳಲ್ಲಿ ಮೊದಲ ಎರಡು ಅಡ್ಡಗೆರೆ ಆಗಿದ್ದರೆ ಉತ್ತರ ಸಹಜವಾಗಿ ಮುಗಿದಿದೆ, ಆ 404 ಕೊಟ್ಟಿದ್ದು ಎಚ್‌ಎ ಪ್ರಾಕ್ಸಿ ಹಿಂದೆ ಇರುವ ಸರ್ವರ್. ಸಣ್ಣಕ್ಷರದ ಎಸ್ ಮತ್ತು ದೊಡ್ಡಕ್ಷರದ ಡಿ ಇರುವ ಸಾಲು ಕಂಡರೆ, ಡೇಟಾ ಕಳಿಸುತ್ತಿದ್ದ ಸರ್ವರ್ ಮಧ್ಯದಲ್ಲಿ ಸುಮ್ಮನಾಗಿ ಟೈಮೌಟ್ ಆಗಿದೆ. ಆಗ ಆ ಸರ್ವರ್‌ನ ಡಿಸ್ಕ್ ಮತ್ತು ನೆಟ್‌ವರ್ಕ್ ಕಡೆಯಿಂದ ಹುಡುಕಲು ಶುರು ಮಾಡಬೇಕಾಗುತ್ತದೆ.