ಪ್ರತಿಕ್ರಿಯೆ: ಫೆಡರರ್ ಆಟದ ಸೊಗಸಿಗೂ ಅಂಕ ಕೊಡಬೇಕಾ?
ಟೆನಿಸ್ ಆಟಗಾರರಾದ ಫೆಡರರ್, ನಡಾಲ್, ಜೊಕೊವಿಚ್ ಪೈಕಿ ಯಾರು ದೊಡ್ಡವರು ಎಂಬ ಚರ್ಚೆಯಲ್ಲಿ ಫೆಡರರ್ ಆಟದ ಸೊಗಸಿಗೂ ಅಂಕ ಕೊಡಬೇಕಾ ಎಂದು ಕೇಳಿದ್ದೀರಿ. ರಾಯಚೂರಿನ ನಿಮ್ಮ ಚರ್ಚಾ ಸ್ಪರ್ಧೆಯಲ್ಲಿ ಜಗಳ ಮುಗಿಯದಿರಲು ಕಾರಣ, "ಯಾರು ದೊಡ್ಡವರು", "ಯಾರ ಆಟ ಚೆಂದ" ಎಂಬ ಎರಡು ಪ್ರಶ್ನೆ ಒಂದಾಗಿಬಿಟ್ಟಿರುವುದು. ಕೊಪ್ಪಳದಲ್ಲಿ ತೀರ್ಪು ಕೊಡಲು ಕೂತಾಗ ನನಗೂ ಹೀಗೇ ಆಗಿತ್ತು.

ಮೊದಲು ಲೆಕ್ಕ ಬರೆಯಿರಿ. ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳ) ಪ್ರಶಸ್ತಿ ಜೊಕೊವಿಚ್ 24, ನಡಾಲ್ 22, ಫೆಡರರ್ 20. ಆಮೇಲೆ 2019ರ ವಿಂಬಲ್ಡನ್ ಫೈನಲ್ ತೋರಿಸಿ. ಫೆಡರರ್ 218 ಪಾಯಿಂಟ್ ಗೆದ್ದರು, ಜೊಕೊವಿಚ್ 204. ಆದರೂ ಇನ್ನೊಂದು ಪಾಯಿಂಟ್ ಬಿಟ್ಟರೆ ಸೋಲು ಎಂಬಲ್ಲಿಂದ ಎರಡು ಸಲ ಪಾರಾಗಿ, ಸೆಟ್ ಸಮವಾದಾಗ ಆಡಿಸುವ ಟೈಬ್ರೇಕರ್ ಮೂರನ್ನೂ ಗೆದ್ದು ಕಪ್ ಒಯ್ದದ್ದು ಜೊಕೊವಿಚ್. ಒತ್ತಡಕ್ಕೆ ಬಗ್ಗದಿರುವುದೂ ಒಂದು ಶೈಲಿಯೇ ಅಲ್ವಾ?

ಸೊಗಸನ್ನು ಕೊನೆಗೆ ಇಡಿ. ಅದನ್ನು ತೂಗಲು ತಕ್ಕಡಿ ಇಲ್ಲ. ಫೆಡರರ್ ಬ್ಯಾಕ್‌ಹ್ಯಾಂಡ್ ಹೊಡೆತ ನನಗೆ ಪ್ರಾಣ, ಆದರೂ ಉಳಿದದ್ದು ಸಮವಾದಾಗ ಮಾತ್ರ ಸೊಗಸನ್ನು ಎಣಿಸುತ್ತೇನೆ. ಈ ನಿಯಮವನ್ನು ಎರಡೂ ತಂಡಕ್ಕೆ ಮುಂಚೆಯೇ ಹೇಳಿಬಿಡಿ.