ಸಾವಿರ ಪ್ರತಿ ಹಾಕಿಸಿಬಿಡೋದಾ? ಆಟದ ಪುಸ್ತಕ ಪ್ರಕಟಿಸುವವರ ಪ್ರಶ್ನೆಗಳು

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳೆಲ್ಲ ಒಂದೇ ವಿಷಯದ ಮೇಲಿವೆ: ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ಪುಸ್ತಕ ಬರೆದು, ಅಚ್ಚು ಹಾಕಿಸಿ, ಮಾರುವುದು. ಆಡಿ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾರೆ. ಅದು ಆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ನಿಯಮ, ಪಾತ್ರ, ಕಥೆಯ ಎಳೆ ಎಲ್ಲ ಒಂದು ಪುಸ್ತಕದಲ್ಲಿರುತ್ತದೆ. ಮಾರುವ ಮಾಲು ಅದೇ.

ಪ್ರಶ್ನೆ: ಮೂವರು ಸ್ನೇಹಿತರು ಸೇರಿ ಹೊಯ್ಸಳರ ಕಾಲದ ಆಟವೊಂದನ್ನು ಕನ್ನಡದಲ್ಲಿ ಬರೆದಿದ್ದೇವೆ. 160 ಪುಟ ಆಗಿದೆ. ಪ್ರೆಸ್‌ನವರು ‘ಮುನ್ನೂರಕ್ಕೂ ಸಾವಿರಕ್ಕೂ ಅಂಥ ವ್ಯತ್ಯಾಸ ಇಲ್ಲ, ಸಾವಿರವೇ ಹಾಕಿಸಿ’ ಅಂತಿದ್ದಾರೆ. ಏನು ಮಾಡೋಣ ಸಾರ್?
— ಓದುಗರು, ಹಾಸನ

ಉತ್ತರ: ಪ್ರೆಸ್‌ನವರು ಸುಳ್ಳು ಹೇಳುತ್ತಿಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಿಸಿ ಮಷೀನ್ ಹೊಂದಿಸುವುದಕ್ಕೇ ದುಡ್ಡಿನ ದೊಡ್ಡ ಪಾಲು ಹೋಗುತ್ತದೆ. 160 ಪುಟ ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟದ ಹತ್ತು ಫಾರಂ. ಮುನ್ನೂರು ಹಾಕಿಸಿದರೂ ಹತ್ತು ಫಾರಂಗೂ ಪ್ಲೇಟ್ ಆಗಲೇಬೇಕು. ಆಮೇಲೆ ಏರುವುದು ಕಾಗದ ಮತ್ತು ಬೈಂಡಿಂಗ್ ಖರ್ಚು ಮಾತ್ರ. ಆದರೆ ಅವರ ಲೆಕ್ಕ ಬಂಡಲ್ ಕಟ್ಟಿ ಕೊಟ್ಟಲ್ಲಿಗೆ ಮುಗಿಯಿತು. ನಿಮ್ಮ ಲೆಕ್ಕ ಶುರುವಾಗುವುದೇ ಅಲ್ಲಿಂದ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಸುಮ್ನೆ ಉದಾಹರಣೆಗೆ, ನಿಮ್ಮ ಕೊಟೇಶನ್ ಬೇರೆ ಇರುತ್ತದೆ. ಆಫ್‌ಸೆಟ್‌ನಲ್ಲಿ ಸಾವಿರ ಪ್ರತಿಗೆ ತಲಾ 80 ರೂಪಾಯಿ ಬಿತ್ತು ಅನ್ನಿ, ಒಟ್ಟು 80,000. ಡಿಜಿಟಲ್‌ನಲ್ಲಿ (ಇದಕ್ಕೆ ಪ್ಲೇಟ್ ಬೇಡ) 150 ಪ್ರತಿಗೆ ತಲಾ 160 ಬಿತ್ತು, ಒಟ್ಟು 24,000. ಮುಖಬೆಲೆ 350 ಇಟ್ಟಿರಿ. ಅಂಗಡಿಯವರಿಗೆ ಶೇ 40 ಬಿಟ್ಟರೆ ನಿಮ್ಮ ಕೈಗೆ 210. ಡಿಜಿಟಲ್ ಪ್ರತಿ 115 ಹೋದರೆ ಹಾಕಿದ ದುಡ್ಡು ವಾಪಸ್ಸು. ಆಫ್‌ಸೆಟ್‌ಗೆ 381 ಪ್ರತಿ ಹೋಗಬೇಕು.

381 ಏನು ಮಹಾ ಅನ್ನಿಸಬಹುದು. ಆದರೆ ಕಾದಂಬರಿ ಮಾರುವ ಕನ್ನಡ ಪ್ರಕಾಶಕರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾದಂಬರಿ ಓದುವವರಿಗೆ ತಲಾ ಒಂದು ಪ್ರತಿ ಬೇಕು. ಈ ಆಟಕ್ಕೆ ಐದು ಜನರ ಗುಂಪಿಗೆ ಒಂದೇ ಪ್ರತಿ ಸಾಕು. ಕಥೆ ನಡೆಸುವವರ ಹತ್ತಿರ ಇದ್ದರೆ ಆಯಿತು. ಅಂದರೆ 381 ಪ್ರತಿ ಹೋಗಲು ಸುಮಾರು 1,900 ಜನ ಕನ್ನಡದಲ್ಲಿ ನಿಮ್ಮ ಆಟ ಆಡುತ್ತಿರಬೇಕು. ಮೊದಲ ವರ್ಷವೇ ಅಷ್ಟು ಜನ ಸಿಗುತ್ತಾರಾ? ನನಗೆ ಅನುಮಾನ. ಗ್ರಂಥಾಲಯ ಖರೀದಿ ಇದೆಯಲ್ಲ ಅಂತ ಯಾರಾದರೂ ಹೇಳಿದರೆ, ಅದನ್ನು ನಂಬಿಕೊಂಡು ಪ್ರತಿ ಹಾಕಿಸಬೇಡಿ. ಬಂದರೆ ಸಂತೋಷ.

ಈ ಆಟಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಇಂಥ ಆಟಗಳಲ್ಲೇ ಮೊದಲು ಮಾರಾಟಕ್ಕೆ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬಂದದ್ದು ಅಮೆರಿಕದ ಲೇಕ್ ಜಿನೀವಾ ಅನ್ನುವ ಸಣ್ಣ ಊರಿನಿಂದ. ಹಾಸನಕ್ಕಿಂತ ಎಷ್ಟೋ ಚಿಕ್ಕ ಊರು. ಅಂಥ ಆಟದ ಮೊದಲ ಮುದ್ರಣವೂ 1,000 ಪೆಟ್ಟಿಗೆಯಷ್ಟೇ. ಕೈಯಲ್ಲೇ ಜೋಡಿಸಿ ಮಾರಿದರು. ಅದನ್ನು ತಂದ ಟಿಎಸ್‌ಆರ್ ಕಂಪನಿ ಆಮೇಲೆ ಬಹಳ ದೊಡ್ಡದಾಯಿತು, 1997ರಲ್ಲಿ ಸಾಲದಲ್ಲಿ ಮುಳುಗಿ ಬೇರೆಯವರ ಪಾಲಾಯಿತು. ಅಂಗಡಿಗಳಿಂದ ರಾಶಿ ರಾಶಿಯಾಗಿ ವಾಪಸ್ ಬಂದ ಮಾಲು ಅದಕ್ಕೆ ಒಂದು ಮುಖ್ಯ ಕಾರಣ.

ಕಡಿಮೆ ಹಾಕಿಸಿ ಅನ್ನಲು ಇನ್ನೂ ದೊಡ್ಡ ಕಾರಣ ಬೇರೆ ಇದೆ. ನಿಮ್ಮ ಪುಸ್ತಕವನ್ನು ನೀವು ಮೂವರು ಬಿಟ್ಟು ಬೇರೆ ಯಾರಾದರೂ ಆಡಿಸಿದ್ದಾರಾ? ನೀವು ಪಕ್ಕದಲ್ಲಿ ಕೂತು ವಿವರಿಸಿದರೆ ಅದು ಲೆಕ್ಕಕ್ಕಿಲ್ಲ. ಪರಿಚಯವೇ ಇಲ್ಲದ ಒಂದು ಗುಂಪು ಹುಡುಕಿ. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಖಂಡಿತ ಸಿಗುತ್ತಾರೆ. ಜೆರಾಕ್ಸ್ ಪ್ರತಿ ಕೊಟ್ಟು, ನೀವು ಬಾಯಿ ಬಿಡದೆ ಮೂಲೆಯಲ್ಲಿ ಕೂರಿ. ಕಥೆ ನಡೆಸುವ ಹುಡುಗ ‘ಒಂದ್ನಿಮಿಷ’ ಅಂದ ಕಡೆಯೆಲ್ಲ ಪುಟದ ಸಂಖ್ಯೆ ಬರೆದುಕೊಳ್ಳಿ. ಹಿಂದಿನ ಪುಟಕ್ಕೆ ಬೆರಳಿಟ್ಟುಕೊಂಡು ಮುಂದಿನ ಪುಟ ಹುಡುಕುತ್ತಾನಲ್ಲ, ಆ ಎರಡು ಪುಟ ಅಕ್ಕಪಕ್ಕ ಇರಬೇಕಿತ್ತು ಅಂತ ಅರ್ಥ. ಯಾವ ಹುಡುಗಿ ಫೋನ್ ತೆಗೆದಳು, ಯಾವಾಗ ತೆಗೆದಳು ಅನ್ನುವುದನ್ನೂ ಗುರುತು ಹಾಕಿ. ಆಟ ಮುಗಿದ ಮೇಲೆ ‘ಚೆನ್ನಾಗಿತ್ತಾ?’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅಂತಾರೆ. ‘ಏನೇನಾಯ್ತು ಹೇಳಿ’ ಅನ್ನಿ. ಅವರು ಹೇಳುವ ಕಥೆಯಲ್ಲಿ ಬಾರದ ನಿಯಮಗಳನ್ನು ಕಿತ್ತುಹಾಕಬಹುದು.

ಹೀಗೆ ಮಾಡಿದರೆ 160 ಪುಟ ಉಳಿಯುವುದಿಲ್ಲ. ಒಳ್ಳೆಯದೇ. ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲ ನಲವತ್ತು ಪುಟ ರಾಜವಂಶದ ಚರಿತ್ರೆ ಇರುತ್ತದೆ. ಆಡಲು ಬಂದವರಿಗೆ ಸಳನಿಂದ ಮೂರನೇ ಬಲ್ಲಾಳನವರೆಗೆ ವಂಶಾವಳಿ ಬೇಡ, ಇವತ್ತು ರಾತ್ರಿ ಏನು ಮಾಡಬೇಕು ಅನ್ನುವುದು ಬೇಕು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಆದದ್ದು 1117ರಲ್ಲಿ. ಅದಕ್ಕೆ ಹಿಂದಿನ ವಾರ ಬಳಪದ ಕಲ್ಲಿನ ಗಾಡಿಯೊಂದು ದಾರಿಯಲ್ಲಿ ಕಾಣೆಯಾಯಿತು ಅನ್ನಿ. ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನೇ ಕೆತ್ತಿ ಹೋದವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಈಗಲೂ ಕಾಣುತ್ತದೆ. ಹೆಸರಿಗಾಗಿ ಪೈಪೋಟಿ ಮಾಡುವ ಇಬ್ಬರು ಶಿಲ್ಪಿಗಳು, ಒಬ್ಬ ಗಾಡಿಯವ, ಒಬ್ಬಳು ನರ್ತಕಿ. ನಾಲ್ಕು ಪಾತ್ರ ಆಯಿತು, ಒಂದು ಸಂಜೆಯ ಆಟವೂ ಆಯಿತು. ಪುಸ್ತಕ ತೆರೆದ ಗಂಟೆಯೊಳಗೆ ಆಟ ಶುರುವಾಗಬೇಕು. ಚರಿತ್ರೆ ಹಿಂದಿನ ಪುಟಗಳಿಗೆ ಹೋಗಲಿ.

64 ಪುಟಕ್ಕೆ ಇಳಿಸಲು ನೋಡಿ, ಸರಿಯಾಗಿ ನಾಲ್ಕು ಫಾರಂ. ಆಗ ಸೆಂಟರ್ ಪಿನ್ ಹೊಡೆಸಬಹುದು, ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗುತ್ತದೆ. 160 ಪುಟದ ಪರ್ಫೆಕ್ಟ್ ಬೈಂಡಿಂಗ್ ಪುಸ್ತಕ ಕೈ ಬಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತದೆ. ಅದನ್ನು ಒತ್ತಿ ಒತ್ತಿ ಆಡುವಷ್ಟರಲ್ಲಿ ಅಂಟು ಬಿಟ್ಟು ಹಾಳೆ ಉದುರುತ್ತದೆ. ಆಟದ ಪುಸ್ತಕ ಜನ ಓದಿ ಎತ್ತಿಡುವಂಥದ್ದಲ್ಲ, ಬಳಸುವಂಥದ್ದು.

ಮೊದಲ 150 ಡಿಜಿಟಲ್‌ನಲ್ಲಿ ಹಾಕಿಸಿ. ತಪ್ಪುಗಳನ್ನು ಆಡುವವರೇ ಹೇಳುತ್ತಾರೆ. ತಿದ್ದಿ, ಬೇಡಿಕೆ ಇದ್ದರೆ ಎರಡನೇ ಮುದ್ರಣ ಆಫ್‌ಸೆಟ್‌ಗೆ ಹೋಗಿ. ಉಳಿದ ಪ್ರತಿಗಳನ್ನು ಸಕಲೇಶಪುರದ ಕಡೆ ಯಾರ ಮನೆಯಲ್ಲೂ ಇಡಬೇಡಿ. ಆಷಾಢ ಕಳೆಯುವಷ್ಟರಲ್ಲಿ ರಟ್ಟಿನ ಮೇಲೆ ಬೂಷ್ಟು ಬಂದಿರುತ್ತದೆ.

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳನ್ನು ಕನ್ನಡಕ್ಕೆ ತಂದು ಮಾರಿದರೆ ಕೇಸು ಬೀಳುತ್ತದಾ? ಚಿತ್ರ ಬರೆಯುವ ಗೆಳತಿ ಇದ್ದಾಳೆ, ದುಡ್ಡು ಬೇಡ ಅಂತಾಳೆ. ಅವಳ ಜೊತೆಗೂ ಅಗ್ರಿಮೆಂಟ್ ಮಾಡಿಕೊಳ್ಳಬೇಕಾ?
— ಓದುಗರು, ಚಿಕ್ಕಮಗಳೂರು

ಉತ್ತರ: ಅಂಗಡಿಯಲ್ಲಿ ಸಿಗುವ ಆ ಆಟದ ಪುಸ್ತಕವನ್ನು ಅನುವಾದಿಸಿ ಮಾರುವ ಹಾಗಿಲ್ಲ. ಆದರೆ ಒಂದು ಬಾಗಿಲು ತೆರೆದಿದೆ. 2000ದಿಂದ ಇದ್ದ, ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ ಮುಕ್ತ ಲೈಸೆನ್ಸನ್ನು ಬದಲಿಸಲು, ಈಗ ಆ ಆಟದ ಒಡೆತನವಿರುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2023ರ ಜನವರಿಯಲ್ಲಿ ಹೊರಟಿತ್ತು. ಆಡುವವರು, ಸಣ್ಣ ಪ್ರಕಾಶಕರು ಎಲ್ಲ ಸೇರಿ ಗಲಾಟೆ ಮಾಡಿದರು. ಕೊನೆಗೆ ಅದೇ ತಿಂಗಳು 27ರಂದು ಕಂಪನಿ ಹಿಂದೆ ಸರಿದು, ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1 ಅನ್ನುವ, ಆಟದ ಐದನೇ ಆವೃತ್ತಿಯ ನಿಯಮಗಳ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಅಟ್ರಿಬ್ಯೂಷನ್ 4.0 ಅಡಿಯಲ್ಲಿ ಬಿಟ್ಟಿತು. ಅದನ್ನು ಅನುವಾದಿಸಬಹುದು, ಬದಲಿಸಬಹುದು, ಮಾರಬಹುದು. ಅವರು ಕೊಟ್ಟಿರುವ ಕೃತಜ್ಞತೆಯ ಸಾಲು ಪುಸ್ತಕದಲ್ಲಿ ಇರಬೇಕು. ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳಲು ಈ ಲೈಸೆನ್ಸ್‌ನಲ್ಲಿ ದಾರಿಯಿಲ್ಲ. ಆದರೆ ರಟ್ಟಿನ ಮೇಲೆ ಆಟದ ಹೆಸರು, ಲೋಗೊ ಹಾಕಬೇಡಿ, ಅದು ಟ್ರೇಡ್‌ಮಾರ್ಕ್. ‘ಐದನೇ ಆವೃತ್ತಿಗೆ ಹೊಂದುತ್ತದೆ’ ಅಂತ ಹಾಕಬಹುದು. ಆ ಸಂಗ್ರಹದಲ್ಲಿ ಇಲ್ಲದ ರಾಕ್ಷಸರನ್ನೂ ಲೋಕಗಳನ್ನೂ ಮುಟ್ಟಬೇಡಿ.

ಕಾನೂನು ಒಪ್ಪುತ್ತದೆ, ಸರಿ. ಮಾಡಬೇಕಾ ಅಂದರೆ ನಾನು ಬೇಡ ಅಂತೀನಿ. ಆ ಸಂಗ್ರಹವೇ ಸುಮಾರು 400 ಪುಟ ಇದೆ. ಆಟದ ಐಡಿಯಾಕ್ಕೆ, ಆಡುವ ವಿಧಾನಕ್ಕೆ ಕಾಪಿರೈಟ್ ಇಲ್ಲ. ಅದನ್ನು ಬರೆದ ಮಾತಿಗೆ, ಬಿಡಿಸಿದ ಚಿತ್ರಕ್ಕೆ ಇದೆ. ಹಾಗಿರುವಾಗ ಬೇಕಾದ ನಾಲ್ಕು ನಿಯಮ ಆರಿಸಿಕೊಂಡು ನಿಮ್ಮದೇ ಮಾತಿನಲ್ಲಿ ಸಣ್ಣ ಆಟ ಬರೆಯುವುದು ವಾಸಿ ಅಲ್ವಾ?

ಗೆಳತಿಯ ಜೊತೆ ಅಗ್ರಿಮೆಂಟ್ ಬೇಕೇ ಬೇಕು. ಅವಳು ಬೇಡ ಅಂದರೂ ಒಂದಿಷ್ಟು ದುಡ್ಡು ಕೊಡಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದೇ ವರ್ಷ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ದುಬೈನಲ್ಲಿರುವ ಕನ್ನಡಿಗರೊಬ್ಬರು ನಿಮ್ಮ ಪಿಡಿಎಫ್ ಕೊಂಡರೆ ಆ ಚಿತ್ರಗಳನ್ನು ಅಲ್ಲಿಗೆ ಮಾರಲು ನಿಮಗೆ ಹಕ್ಕೇ ಇರುವುದಿಲ್ಲ. ಒಂದು ಹಾಳೆಯಲ್ಲಿ ವರ್ಷ, ಪ್ರದೇಶ, ದುಡ್ಡು ಮೂರನ್ನೂ ಬರೆದು ಇಬ್ಬರೂ ಸಹಿ ಹಾಕಿ.

ಪ್ರಶ್ನೆ: ನಮ್ಮ ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕು. ಇಲ್ಲಿ ಎಲ್ಲೂ ಸಿಗುತ್ತಿಲ್ಲ. ತರಿಸಿದರೆ ಪುಸ್ತಕಕ್ಕಿಂತ ದುಬಾರಿ.
— ಓದುಗರು, ಸಕಲೇಶಪುರ

ಉತ್ತರ: ಹಾಗಾದರೆ ಆ ದಾಳ ಬೇಡದ ಆಟ ಬರೆಯಿರಿ. ಈ ತಾಪತ್ರಯ ಮೊದಲಿನಿಂದಲೂ ಇದೆ. 1979ರ ಸುಮಾರಿಗೆ ದಾಳ ಸಾಲದೆ, ಅಮೆರಿಕದಲ್ಲೇ ಆಟದ ಪೆಟ್ಟಿಗೆಯೊಳಗೆ ಅಂಕಿ ಬರೆದ ಚೀಟಿ ಇಟ್ಟು ಮಾರಿದ್ದರು.

ಲೂಡೊ ದಾಳ ಎಲ್ಲ ಫ್ಯಾನ್ಸಿ ಸ್ಟೋರ್‌ನಲ್ಲೂ ಇದೆ. ಎರಡು ಹಾಕಿ ಕೂಡಿಸಿದರೆ 36ರಲ್ಲಿ ಆರು ಸಲ 7 ಬರುತ್ತದೆ, 12 ಒಂದೇ ಸಲ. ಮಧ್ಯದ ಅಂಕಿ ಜಾಸ್ತಿ, ತುದಿಯದು ಅಪರೂಪ. ಕಥೆಗೆ ಇದು ಚೆನ್ನಾಗಿ ಒಗ್ಗುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಕವಡೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಚೌಕಾಬಾರ ಆಡಿದ ಅಜ್ಜಿಗೂ ವಿವರಿಸಬೇಕಿಲ್ಲ. ನಾಲ್ಕು ಕವಡೆ ಹಾಕಿ ಅಂಗಾತ ಬಿದ್ದವನ್ನು ಎಣಿಸಿ. ಮೂರು ಅಥವಾ ಹೆಚ್ಚು ಬಿದ್ದರೆ ಗೆದ್ದಂತೆ ಅನ್ನಿ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ ಗೆಲ್ಲುವ ಅವಕಾಶ ಶೇ 31. ಪಾತ್ರಕ್ಕೆ ಆ ಕೆಲಸ ಗೊತ್ತಿದ್ದರೆ ಇನ್ನೊಂದು ಕವಡೆ ಕೊಡಿ, ಐದಕ್ಕೆ ಅದು ಶೇ 50 ಆಗುತ್ತದೆ. ಆರು ಕೊಟ್ಟರೆ ಶೇ 66. ಕೂಡುವುದು ಕಳೆಯುವುದು ಏನೂ ಇಲ್ಲ, ಕೈಯಲ್ಲಿ ಕವಡೆ ಜಾಸ್ತಿ ಇದ್ದಷ್ಟೂ ಧೈರ್ಯ ಜಾಸ್ತಿ.

ತೊಂದರೆ ಒಂದೇ. ಕವಡೆ ಸಮನಾಗಿ ಬೀಳುವುದಿಲ್ಲ. ಉಬ್ಬಿದ ಬೆನ್ನು, ಚಪ್ಪಟೆ ಬಾಯಿ, ಗಾತ್ರವೂ ಬೇರೆ ಬೇರೆ. ಬೆನ್ನು ತೇಯ್ದ ಕವಡೆ ಇನ್ನೊಂದು ಥರ ಬೀಳುತ್ತದೆ. ಚಾಪೆಯ ಮೇಲೆ ಒಂದು, ರೆಡ್ ಆಕ್ಸೈಡ್ ನೆಲದ ಮೇಲೆ ಒಂದು. ಹಾಗಾಗಿ ನಾಲ್ಕೈದು ಅಂಗಡಿಯ ಕವಡೆ ತಂದು, ಒಂದೊಂದನ್ನೂ ನೂರು ನೂರು ಸಲ ಹಾಕಿ ಬರೆದಿಡಿ. ಆಮೇಲೆ ಗೆಲುವಿನ ಅಂಕಿ ಎರಡಿರಲಾ ಮೂರಿರಲಾ ತೀರ್ಮಾನ ಮಾಡಿ.

ಪ್ರಶ್ನೆ: ಐಎಸ್‌ಬಿಎನ್‌ಗೆ ಎಷ್ಟು ಕೊಡಬೇಕು? ಜಿಎಸ್‌ಟಿ ನೋಂದಣಿ ಮಾಡಿಸಬೇಕಾ?
— ಓದುಗರು, ಅರಸೀಕೆರೆ

ಉತ್ತರ: ಐಎಸ್‌ಬಿಎನ್ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ದುಡ್ಡು ಕೇಳುವ ಮಧ್ಯವರ್ತಿ ಬೇಡ.

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ಬರೀ ಪುಸ್ತಕ ಮಾರುವವರಿಗೆ ನೋಂದಣಿಯೂ ಬೇಡ. ಎಡವಟ್ಟಾಗುವುದು ಪುಸ್ತಕದ ಜೊತೆ ದಾಳ, ಕಾರ್ಡು ಸೇರಿಸಿ ಪೆಟ್ಟಿಗೆ ಮಾಡಿ ಒಂದೇ ಬೆಲೆ ಹಾಕಿದಾಗ. ಆಗ ತೆರಿಗೆಯ ಮಾಲಾಯಿತು. ಬೋರ್ಡ್ ಆಟಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ನಿಜ. ಆದರೆ ತೆರಿಗೆಯ ಮಾಲನ್ನು ಬೇರೆ ರಾಜ್ಯಕ್ಕೆ ಮಾರಿದರೆ ವ್ಯಾಪಾರ ಎಷ್ಟೇ ಸಣ್ಣದಿರಲಿ, ನೋಂದಣಿ ಕಡ್ಡಾಯ. ಕಾಸರಗೋಡಿನ ಕನ್ನಡಿಗರಿಗೆ ಒಂದು ಪೆಟ್ಟಿಗೆ ಕಳಿಸಿದರೂ ಅಷ್ಟೇ. ಆದ್ದರಿಂದ ಶುರುವಿಗೆ ಪುಸ್ತಕ ಮಾತ್ರ ಮಾರಿ. ಪಿಡಿಎಫ್‌ಗೆ ಈ ಸೊನ್ನೆ ಅನ್ವಯಿಸುವುದಿಲ್ಲ, ಅದನ್ನು ಆಡಿಟರ್ ಹತ್ತಿರ ಕೇಳಿ.

ಎಲ್ಲರೂ ಮರೆಯುವ ಒಂದು ಕೆಲಸ: 1954ರ ಕಾಯ್ದೆಯ ಪ್ರಕಾರ ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೆ ತಲಾ ಒಂದು ಪ್ರತಿ ನಿಮ್ಮ ಖರ್ಚಿನಲ್ಲಿ ಕಳಿಸಬೇಕು. 150ರಲ್ಲಿ ನಾಲ್ಕು ಪ್ರತಿ ಅಲ್ಲಿಗೆ ತೆಗೆದಿಡಿ.

ಪ್ರಶ್ನೆ: ಅಚ್ಚು ಹಾಕಿಸದೆ ಪಿಡಿಎಫ್ ಮಾತ್ರ ಮಾರಿದರೆ ಸಾಕಲ್ವಾ? ಯಾವಾಗ ಬಿಡುಗಡೆ ಮಾಡಿದರೆ ಒಳ್ಳೆಯದು?
— ಓದುಗರು, ಮೂಡಿಗೆರೆ

ಉತ್ತರ: ಸಾಕು, ಮೊದಲ ಆಟಕ್ಕೆ ಅದೇ ಸರಿ. ಆಟಗಳನ್ನು ಆನ್‌ಲೈನ್‌ನಲ್ಲಿ ಮಾರುವ ಇಚ್.ಐಒ (itch.io) ತಾಣದಲ್ಲಿ ಎಷ್ಟು ಪಾಲು ಬಿಟ್ಟುಕೊಡಬೇಕು ಅನ್ನುವುದನ್ನು ಮಾರುವವರೇ ಆರಿಸಬಹುದು, ಸುಮ್ಮನಿದ್ದರೆ ಶೇ 10. ಜನರಿಂದ ಮುಂಗಡ ದುಡ್ಡು ಎತ್ತುವ ತಾಣವಾದ ಕಿಕ್‌ಸ್ಟಾರ್ಟರ್‌ನ ಆಸೆ ಬಿಡಿ, ಭಾರತದ ಖಾತೆ ಇಟ್ಟುಕೊಂಡು ಅಲ್ಲಿ ಯೋಜನೆ ಶುರುಮಾಡಲು ಆಗುವುದಿಲ್ಲ. ಮುಂಗಡ ದುಡ್ಡು ಬೇಕಿದ್ದರೆ ಯುಪಿಐ ಮೂಲಕ ಪ್ರಕಟಣಪೂರ್ವ ರಿಯಾಯಿತಿ ಇಡಿ, ಕನ್ನಡದ ಓದುಗರಿಗೆ ಅದು ಹೊಸದಲ್ಲ.

ಡಿಟಿಪಿಯವರಿಗೆ ಮೊದಲೇ ಹೇಳಿ: ಯೂನಿಕೋಡ್‌ನಲ್ಲೇ ಬೇಕು ಅಂತ. ಹಳೇ ನುಡಿ ಫಾಂಟ್‌ನಲ್ಲಿ ಪೇಜ್‌ಮೇಕರ್ ಮಾಡಿಕೊಟ್ಟರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆಟದ ಮಧ್ಯೆ ಯಾರೋ ಫೋನ್‌ನಲ್ಲಿ ‘ವಿಷ’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಲು ಹೋದರೆ ಒತ್ತಕ್ಷರ, ಅರ್ಕಾವತ್ತು ಕಲಸಿಕೊಂಡು ಇನ್ನೊಂದು ಸುತ್ತು ಪ್ರೂಫ್ ನೋಡಬೇಕಾಗುತ್ತದೆ.

ಬಿಡುಗಡೆಗೆ ಡಿಸೆಂಬರ್‌ನಿಂದ ಫೆಬ್ರುವರಿ ಬೇಡ, ನಿಮ್ಮ ಕಡೆ ಕಾಫಿ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ. ಮೇ ಕೊನೆಗೆ ತನ್ನಿ. ಜೂನ್, ಜುಲೈನಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ, ಮನೆ ತುಂಬ ಜನ ಇರುತ್ತಾರೆ. ಪಾತ್ರದ ಹಾಳೆಗಳನ್ನು ಮಾತ್ರ ಮೊದಲೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ ಅಂತ ಪಿಡಿಎಫ್‌ನ ಮೊದಲ ಪುಟದಲ್ಲೇ ಹಾಕಿ.